ಬರಿ ಹೋಳು

ಬ್ರೆಸ್ಲಾವಿನ ಚಳಿಗಾಲ. ಬೆಳಗಿನ ಆರಕ್ಕೆ
ನೆಲಮಾಳಿಗೆಯಲ್ಲಿ ನಾನು, ಒಂದು ಬುಟ್ಟಿ ಆಲೂಗಡ್ಡೆ.
ಮಣ್ಣು ಉಜ್ಜಿ, ಕಣ್ಣು ಕಿತ್ತು, ಹಬೆಯಲ್ಲಿ ಬೇಯಿಸಿ
ಎರಡು ಹೋಳು ಮಾಡಿ ಕೊಡುವುದು ನನ್ನ ಕೆಲಸ.
ತಿನ್ನಲಿಕ್ಕಲ್ಲ.

ಚಾಕು ದೀಪಕ್ಕೆ ಹಿಡಿ, ಒಟೀಲಿಯೆ,
ಎನ್ನುತ್ತಿದ್ದರು ಡಾಕ್ಟರ್ ತೀಮ್. ಹಿಡಿದೆ.
ಕೈ ತೊಳಿ. ತೊಳೆದೆ. ಕೆಮ್ಮಬೇಡ. ಉಸಿರು ಕಟ್ಟಿದೆ.
ಇಗರ್ಜಿಯಲ್ಲೂ ನಾನು ಇಷ್ಟು ಮಡಿಯಾಗಿ ನಿಂತವಳಲ್ಲ.

ಆಮೇಲೆ ಅವರು ಪ್ಲಾಟಿನಂ ತಂತಿಯ ತುದಿಯಿಂದ
ಹೋಳಿನ ಮೇಲೊಂದು ಗೀರು ಎಳೆಯುವರು,
ಹಾಲಿಗೆ ಹೆಪ್ಪು ತಾಗಿಸಿದ ಹಾಗೆ, ಅಷ್ಟೇ.
ಗಾಜಿನ ಗಂಟೆ ಮುಚ್ಚುವರು.
ಮೂರನೆಯ ದಿನಕ್ಕೆ ಗೀರು ಹೂಬಿಟ್ಟಿರುತ್ತಿತ್ತು:
ಒಂದರ ಮೇಲೆ ಮೊಟ್ಟೆಯ ಹಳದಿ,
ಒಂದರ ಮೇಲೆ ಹಬ್ಬದ ಲಂಗದ ಕೆಂಪು,
ಇನ್ನೊಂದು ಸುಕ್ಕುಸುಕ್ಕಾಗಿ ಅಜ್ಜಿಯ ಗಲ್ಲದ ಚರ್ಮ.
ಒಂದೊಂದು ಬಣ್ಣ ಒಂದೊಂದು ಕುಲ, ಎಂದರು,
ಮೊದಲು ಬಿದ್ದವಳ ಮಕ್ಕಳು, ಮೊಮ್ಮಕ್ಕಳು.
ಕೊಳೆತದ್ದರಿಂದ ತಾನಾಗಿ ಯಾವುದೂ ಹುಟ್ಟುವುದಿಲ್ಲ,
ತಾಯಿಯಿಲ್ಲದ ಜೀವವೇ ಇಲ್ಲ.
ನಾನು ನಕ್ಕೆ. ಹತ್ತು ಹೆತ್ತವಳ ಮಗಳಿಗೆ
ಇದನ್ನು ಕಲಿಸಲು ಡಾಕ್ಟರು ಬೇಕೆ?

ಫೆಬ್ರವರಿಯಲ್ಲಿ ಒಂದು ಹೋಳು ಬರಿದಾಗಿಯೇ ಉಳಿಯಿತು.
ಬಣ್ಣವಿಲ್ಲ, ಬೂಷ್ಟಿಲ್ಲ, ನಾನು ಕತ್ತರಿಸಿದ ಹಾಗೇ.
ಕಸದ ಬಕೆಟ್ಟಿಗೆಂದು ಎತ್ತಲು ಹೋದೆ.
ಮುಟ್ಟಬೇಡ!
ಅವರ ದನಿ ಅಷ್ಟು ಏರಿದ್ದು ಅದೊಂದೇ ಸಲ.
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು:
ಬಸವನಹುಳು ದಾಟಿ ಹೋದಂಥ ತೆಳ್ಳನೆಯ ಮಿನುಗು.
ಟೈಫಾಯ್ಡಿನದು. ಇದರ ಗುರುತೇ ಇದು,
ಕಾಣಿಸಿಕೊಳ್ಳದೆ ಬೆಳೆಯುವುದು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗಿಡ್ಡ ಗಿಡ್ಡ ಕಡ್ಡಿಗಳು
ಈಜುತ್ತಿದ್ದವು, ಶಾಲೆ ಬಿಟ್ಟಂಥ ಅವಸರ, ಸಂಭ್ರಮ.
ಬೈಯಬೇಕೆಂದಿದ್ದೆ. ಬಾಯಿ ಬರಲಿಲ್ಲ.

ನನ್ನ ತಮ್ಮ ಯೋಸ್ಟ್ ಸತ್ತದ್ದು ಸೆಪ್ಟೆಂಬರಿನಲ್ಲಿ,
ಇಪ್ಪತ್ತೊಂದು ದಿನದ ಜ್ವರ.
ಗಾಳಿ ಕೆಟ್ಟಿದೆ ಎಂದು ಅಮ್ಮ
ಕಿಟಕಿಗೆ ಕಂಬಳಿ ಹೊಡೆದಿದ್ದಳು.
ಹಗ್ಗದವರ ಓಣಿಯ ಪಂಪಿನ ನೀರು
ಬೇಸಿಗೆಯೆಲ್ಲ ನಾನೇ ಹೊತ್ತು ತಂದದ್ದು.
ಕುಡಿಸುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದೂ ನೋಡುತ್ತಿದ್ದೆ,
ಕಸ ಇದೆಯೇ ಎಂದು.
ಎಷ್ಟು ತಿಳಿಯಾಗಿತ್ತು.

ಈಗ ಮನೆಯಲ್ಲಿ ನೀರು ಕುದಿಸುತ್ತೇನೆ, ದಿನವೂ.
ಇಷ್ಟು ಚೊಕ್ಕ ನೀರಿಗೆ ಕಲ್ಲಿದ್ದಲು ದಂಡ
ಎಂದು ಅಮ್ಮ ಗೊಣಗುತ್ತಾಳೆ.
ಕಾರಣ ನಾನವಳಿಗೆ ಹೇಳಿಲ್ಲ.
ಹೇಳಿದರೆ, ಹೊತ್ತು ತಂದವರು ಯಾರೆಂದೂ
ಹೇಳಬೇಕಾಗುತ್ತದೆ.