ನಾಲ್ಕು ಮಿಲಿಮೀಟರ್

ಮಾನ್ಯರೆ,
ಎಂದು ಬರೆದು ಎರಡು ದಿನವಾಯಿತು.
ಮುಂದಿನ ಸಾಲು ಬರುತ್ತಿಲ್ಲ.

ಕುಷ್ಟಗಿಯ ಸ್ಕ್ಯಾನ್ ಸೆಂಟರಿನ ಹುಡುಗ
ಹೊಟ್ಟೆಗೆ ತಣ್ಣನೆಯ ಅಂಟು ಸವರಿ
ಪರದೆಯ ಬಿಳಿ ಚುಕ್ಕೆಗೆ ಅಡ್ಡ ಗೆರೆ ಎಳೆದ:
ಎಡ ಮೂತ್ರಪಿಂಡ, ಕೆಳಗಿನ ಮೂಲೆ, ನಾಲ್ಕು ಮಿಲಿಮೀಟರ್.
"ಇದಕ್ಯಾಕ ಅಂಜತೀರಿ ಮೇಡಂ,
ಈ ಸೀಮ್ಯಾಗ ಮನಿಗೊಬ್ರಿಗೆ ಐತಿ."
ಇರಬಹುದು.
ಮನೆಗೊಬ್ಬರು ವಿಮಾನ ಹಾರಿಸುವುದಿಲ್ಲವಲ್ಲ.

ದುಂಡಿಗಲ್ಲಿನ ಕಪಾಟಿನಲ್ಲಿ ನನ್ನ ಹೆಲ್ಮೆಟ್ಟು,
ಅದರ ಮೇಲೆ ಬಂಡಿವಡ್ಡರ ಎಂಬ ಉದ್ದ ಹೆಸರು.
ನಾಲಿಗೆ ಹೊರಳದ ಜೊತೆಯವರು ಅರ್ಧಕ್ಕೆ ನಿಲ್ಲಿಸಿ
ಬಂಡಿ ಎಂದೇ ಕರೆದರು. ಹಾಗೆಂದರೇನು ಎಂದವರಿಗೆ
ಎತ್ತು ಎಳೆಯುತ್ತದಲ್ಲ, ಅದು, ಎಂದಿದ್ದೆ.
ಲಾಗ್ ಪುಸ್ತಕದಲ್ಲಿ ಮೂವತ್ತೊಂದು ಗಂಟೆ.
ಅದರಲ್ಲಿ ಹಿಂದಿನ ಸೀಟು ಖಾಲಿಯಿದ್ದದ್ದು
ಹದಿನಾಲ್ಕು ನಿಮಿಷ.

ಈಗ ಇಲ್ಲಿ, ದೋಟಿಹಾಳದಲ್ಲಿ,
ಅಮ್ಮ ಎರಡು ಹೊತ್ತು ಹುರುಳಿ ಕಟ್ಟು ಬಗ್ಗಿಸಿ ಕೊಡುತ್ತಾಳೆ.
ಗಂಗಾವತಿಯ ಚಿಗವ್ವ ಬಸ್ಸಿನ ಕಂಡಕ್ಟರನ ಕೈಯಲ್ಲಿ
ಬಾಳೆದಿಂಡು ಕಳಿಸುತ್ತಾಳೆ, ಹಳೇ ಸೀರೆಯಲ್ಲಿ ಕೂಸಿನಂತೆ ಸುತ್ತಿ.
ಇಪ್ಪತ್ತನಾಲ್ಕು ಗಂಟೆಯ ಮೂತ್ರ ಬೇಕೆಂದರು ಲ್ಯಾಬಿನವರು.
ಕ್ಯಾನನ್ನು ಕಾಲ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ
ಪಕ್ಕದ ಮುದುಕ ಬಣ್ಣ ನೋಡಿ ಕೇಳಿದ:
"ಸೇಂಗಾ ಎಣ್ಣಿ ಏನವ್ವ? ಗಾಣದ್ದ?"
ಹೂಂ ಎಂದೆ.
"ಇನ್ನೊಮ್ಮಿ ಬಂದಾಗ ನನಗೂ ಒಂದ್ ಕೆಜಿ ತಾ."

ಅಪ್ಪ ಫಿಲ್ಮನ್ನು ಕಿಟಕಿಯ ಬಿಸಿಲಿಗೆ ಹಿಡಿದ.
ಮೂವತ್ತು ವರ್ಷ ಕೆಂಪು ಬಂಡೆಗಳನ್ನು
ಹೀಗೆಯೇ ಓರೆಗಣ್ಣಲ್ಲಿ ಓದಿದವನು,
ಉಳಿಗೂ ಮುಂಚೆ ಬೆರಳಲ್ಲಿ ಸವರಿ.
"ದೊಡ್ಡ ಕಲ್ಲಿಗೆ ಎಳಿ ಇರತೈತಿ, ಎಳಿ ಹಿಡದ್ರ
ಒಂದ ಪೆಟ್ಟಿಗೆ ಬಿಚ್ಚಿಕೊಳ್ಳತೈತಿ.
ಇಂಥ ಹಳ್ಳಿಗೆ ಎಳೀನ ಇರೂದಿಲ್ಲ ನೋಡು"
ಎನ್ನುವಷ್ಟರಲ್ಲಿ ಕೆಮ್ಮು ಬಂತು.
ಫಿಲ್ಮು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದ.

ಕ್ವಾರಿಯ ಡಾಕ್ಟರು ವರ್ಷಕ್ಕೊಮ್ಮೆ ಬರುತ್ತಿದ್ದರಂತೆ.
ಜೀಪು ಇಳಿಯದೆ, ಎಂಜಿನ್ನೂ ಆರಿಸದೆ,
ಎಂಬತ್ತು ಜನರ ಹೆಸರಿನ ಮುಂದೆ ಒಂದೇ ಮಾತು: ಫಿಟ್.
ಅಪ್ಪ ಕೇಳಿರಲಿಲ್ಲ. ಸಿಕ್ಕಿತು.
ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬಂಡೆಗೇ ಒರೆಸಿ
ಮತ್ತೆ ಸುತ್ತಿಗೆ ಎತ್ತಿಕೊಂಡ.
ಅದೇ ಮಾತಿಗಾಗಿ ಅವನ ಮಗಳು
ಮೂರು ಪ್ರತಿಗಳಲ್ಲಿ ಅರ್ಜಿ ಬರೆಯುತ್ತಿದ್ದಾಳೆ.

ಮಂಡಳಿಯವರ ಮೇಲೆ ಸಿಟ್ಟಿದೆ ಎಂದರೆ ಸುಳ್ಳು.
ಆ ವೈದ್ಯೆ, ವಿಂಗ್ ಕಮಾಂಡರ್, ಪೆನ್ನು ಕೆಳಗಿಟ್ಟು
ಮೆಲ್ಲಗೇ ಕೇಳಿದ್ದರು:
ನೀನು ತಲೆಕೆಳಗಾಗಿ ಇದ್ದಾಗ ಅದು ಕದಲಿದರೆ?
ಕದಲಿದ್ದು ನೆಲದ ಮೇಲೆ, ಊಟದ ಮನೆಯಲ್ಲಿ.
ತಟ್ಟೆ ಬಿತ್ತು, ನಾನು ಬಿದ್ದೆ,
ಗುರುಗಳು ಓಡಿ ಬಂದು ಎತ್ತಿದರು.
ಮೇಲೆ, ಒಂಟಿ ಸೀಟಿನಲ್ಲಿ, ಎತ್ತಲು ಯಾರಿದ್ದಾರೆ?
ಗೊತ್ತಿಲ್ಲ ಮೇಡಂ, ಎಂದೆ.
ಅದನ್ನೂ ಅವರು ಬರೆದುಕೊಂಡರು.

ಮಾನ್ಯರೆ,
ನಾನು ಕಲ್ಲಿನವರ ಮನೆಯ ಹುಡುಗಿ
(ಇದು ಬೇಡ. ಹೊಡೆದು ಹಾಕಿದೆ.)
ಆರು ವಾರಗಳಿಂದ ನೋವಿಲ್ಲ. ವರದಿಗಳನ್ನು ಲಗತ್ತಿಸಿದ್ದೇನೆ.
ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತಿದ್ದೇನೆ.

ನಮ್ಮೂರ ನೀರು ಸವಳು; ಕೊಡದ ತಳದಲ್ಲೂ ಸುಣ್ಣ ಕಟ್ಟುತ್ತದೆ.
ಶುದ್ಧ ನೀರಿನ ಘಟಕಕ್ಕೆ ಐದರ ನಾಣ್ಯ ಹಾಕಿ
ಸೈಕಲ್ಲಿಗೆ ಕ್ಯಾನು ಕಟ್ಟಿ ತರುವವನು ಅಪ್ಪ.
ಅಗಸಿಯ ಹತ್ತಿರ ಒಮ್ಮೆ ನಿಲ್ಲುತ್ತಾನೆ,
ಶಾಲೆಯ ಹತ್ತಿರ ಇನ್ನೊಮ್ಮೆ,
ಉಸಿರು ಹಿಂದೆ ಉಳಿದಿರುತ್ತದೆ, ಬರಲಿ ಎಂದು.
ಅರ್ಜಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಇಂತಿ ತಮ್ಮ ವಿಧೇಯ,
ಎಂದು ಬರೆಯುವಾಗ
ಅಂಗಳದಲ್ಲಿ ಸೈಕಲ್ಲಿನ ಸ್ಟ್ಯಾಂಡ್ ಬಿದ್ದ ಸದ್ದು.
ಎದ್ದು ಹೋದೆ, ಕ್ಯಾನು ಇಳಿಸಿಕೊಳ್ಳಲು.
ಭಾರ ಎತ್ತಬೇಡ ಎಂದ.
ನೀನೂ, ಎಂದೆ.