ಎಡಗಡೆಯ ಕೀಲು

ಮೂರು ದಿನದಿಂದ ಪಾತ್ರೆ ತೊಳೆಯುವ ಯಂತ್ರ
ತೊಳೆಯುವುದು ಬಿಟ್ಟು ಗೊಣಗುತ್ತಿತ್ತು.
ಗುಂಡಿ ಒತ್ತಿದರೆ ನಿಲ್ಲದು, ಬಾಗಿಲು ತೆರೆದರೂ ನಿಲ್ಲದು,
ಖಾಲಿ ಹೊಟ್ಟೆಯಿಂದ ನೀರು ಹೊರಹಾಕುತ್ತೇನೆಂಬ ಹಟ.
ಮೂರನೆಯ ರಾತ್ರಿ ನಾನೂ ಹಟಕ್ಕೆ ಬಿದ್ದು
ಪ್ಲಗ್ ಕಿತ್ತು ಮಲಗಿದೆ.

ಬೆಳಗ್ಗೆ ಬಾಗಿಲಲ್ಲಿ ಕೆಳಮನೆಯ ಗ್ರೆಗೊರಿಯಾ.
ಕೈಯಲ್ಲಿ ಗಾಜಿನ ಬಟ್ಟಲು, ಬಟ್ಟಲ ತುಂಬ ನೀರು.
'ನಿಮ್ಮದು,' ಅಂದಳು,
'ನಮ್ಮ ಸೂರಿನಿಂದ ಬಂತು.'

ಸರಗೋಸಾದ ನೀರಿನ ಗುಣ ಇಬ್ಬರಿಗೂ ಗೊತ್ತು.
ಎಬ್ರೊ ನದಿ ಕಲ್ಲು ಹೊತ್ತುಕೊಂಡೇ ನಲ್ಲಿಗೆ ಬರುತ್ತದೆ;
ಕೆಟಲಿನಲ್ಲಿ ಸುಣ್ಣ, ಶವರಿನಲ್ಲಿ ಸುಣ್ಣ,
ಈ ಊರಿನವರ ಮಾತೂ ಅದಕ್ಕೇ ಗಡಸು
ಅನ್ನುತ್ತಾನೆ ಮೂಲೆಯ ಬೇಕರಿಯವನು.

ಆಕೆ ಬೈಯಲಿಲ್ಲ. ನೀರನ್ನು ಸಿಂಕಿಗೆ ಸುರಿದು
ಯಂತ್ರದ ಬಾಗಿಲು ಇಳಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು,
ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚಿ.
'ಇಪ್ಪತ್ತೆರಡು ವರ್ಷ,' ಅಂದಳು,
'ಊರಾಚೆಯ ಫ್ಯಾಕ್ಟರಿಯಲ್ಲಿ ನಾನು ಮಾಡಿದ್ದು ಇದನ್ನೇ.'

ನನಗೆ ಹೋದ ಜೀವ ಬಂತು.

'ಎಡಗಡೆಯ ಕೀಲು. ಅದೊಂದೇ.
ಬಲಗಡೆಯದು ನಿಯೆವೆಸ್ ಕೂರಿಸುತ್ತಿದ್ದಳು.
ಒಳಗೇನಿದೆಯೋ ಒಂದು ದಿನವೂ ನೋಡಲಿಲ್ಲ,
ನಲವತ್ತು ಸೆಕೆಂಡಿಗೊಂದು ಬರುತ್ತಿತ್ತು.'

ಹೀಗೆ, ಏನೂ ತಿಳಿಯದ ನಾವಿಬ್ಬರೂ
ಅಡುಗೆಮನೆಯ ನೆಲಕ್ಕೆ ಟವೆಲು ಹಾಸಿ
ಅದನ್ನು ಗೋಡೆಯಿಂದ ಹೊರಗೆಳೆದೆವು.
ಬೆನ್ನ ಹಿಂದೆ ಏಳು ವರ್ಷದ ಧೂಳು,
ಕಲ್ಲಾದ ಅರ್ಧ ನಿಂಬೆಹಣ್ಣು,
ಮತ್ತು ಯಾರ್ಯಾರನ್ನೋ ಅನುಮಾನಿಸಿ
ಎರಡು ಸ್ನೇಹ ಕಳೆದುಕೊಂಡಿದ್ದೆನಲ್ಲ, ಆ ಬೆಳ್ಳಿ ಚಮಚ.

ಹಿಂದಕ್ಕೆ ಬಾಗಿಸಿದೆವು. ಅಡಿಯ ತಟ್ಟೆಯ ನೀರು
ಟವೆಲು ದಾಟಿ ನಮ್ಮ ಮೊಣಕಾಲಿಗೆ ಬಂತು.
ಅಲ್ಲಿತ್ತು ಒಂದು ಬಿಳಿ ಬೆಂಡು, ಬಿಸ್ಕತ್ತಿನಷ್ಟು.
ತೇಲಿ ತೇಲಿ ಅದೇ ಪಂಪನ್ನು ಎಬ್ಬಿಸುತ್ತಿತ್ತು
ಮುಳುಗುತ್ತಿದ್ದೇವೆ, ಏಳು, ಮುಳುಗುತ್ತಿದ್ದೇವೆ, ಏಳು ಎಂದು.
ನಿಜವನ್ನೇ ಹೇಳುತ್ತಿತ್ತು.
ಗದ್ದಲ ಅಂದುಕೊಂಡು ಬಾಯಿ ಮುಚ್ಚಿಸಿದವಳು ನಾನು.

ಸೋರಿದ್ದೆಲ್ಲಿ?
ಜರಡಿ ಬಿಚ್ಚಿದೆವು: ಆಲಿವ್ ಬೀಜ, ಜಾಡಿಯ ಲೇಬಲ್ಲಿನ ಚಿಂದಿ.
ಸ್ಪಂಜಿನಿಂದ ಗುಣಿ ಬತ್ತಿಸಿ
ಸಿಕ್ಕ ಚಮಚದ ಹಿಡಿಯಲ್ಲೇ ಪಂಪಿನ ಮುಚ್ಚಳ ಮೀಟಿದರೆ
ಅಕ್ಕಿಕಾಳಿನಷ್ಟು ಗಾಜು. ಅದಲ್ಲ.
ಕೊನೆಗೆ ಗ್ರೆಗೊರಿಯಾಳ ಬೆರಳಿಗೆ ತಾಗಿತು,
ಕೊಳವೆಯ ಕೊರಳಲ್ಲಿ ಸುಣ್ಣ ಕಟ್ಟಿ ಬಿರಿದ ರಬ್ಬರು ಬಳೆ.

'ಉಪ್ಪು ಯಾವಾಗ ಹಾಕಿದ್ದಿರಿ?'
ಉಪ್ಪಿನ ಕೆಂಪು ದೀಪ ಎಂದಿನಿಂದಲೂ ಉರಿಯುತ್ತಿತ್ತು,
ಅಲಂಕಾರಕ್ಕೆ ಅಂದುಕೊಂಡಿದ್ದೆ.
ಆಕೆ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು,
ನೆಲದ ಮೇಲೆ, ಒದ್ದೆ ಸ್ಕರ್ಟಿನಲ್ಲಿ, ಕೆಮ್ಮು ಬರುವ ತನಕ.

ನಾಲ್ಕು ಯೂರೋದ ಬಳೆ ತಂದು ತೊಡಿಸಿ
ಒಂದು ಕಿಲೋ ಹರಳುಪ್ಪು ಸುರಿದೆವು.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಕುಡಿಯಿತು.
ನಾವು ಮಾತಿಲ್ಲದೆ ಕೂತು ಅದರ ಗುಟುಕು ಎಣಿಸಿದೆವು.

ಏಳಹೋದಳು, ಆಗಲಿಲ್ಲ.
'ಇದೂ ಎಡಗಡೆಯದೇ,' ಅಂದಳು ಮೊಣಕಾಲು ಹಿಡಿದು,
'ಇದಕ್ಕೆ ಬಿಡಿಭಾಗ ಸಿಗುವುದಿಲ್ಲ.'
ನಾನು ಬಲಕ್ಕೆ ಹೋಗಿ ನಿಂತೆ. ಅಲ್ಲ, ಈ ಕಡೆ, ಅಂದಳು.

ಹೊರಟಾಗ ಬಟ್ಟಲು ಇಲ್ಲೇ ಉಳಿದಿತ್ತು.
ಇದರಲ್ಲೇ ಹಾಕಿ ತೊಳೆದು ತರುತ್ತೇನೆ, ಅಂದೆ.
ಮೆಟ್ಟಿಲ ತಿರುವಿನಿಂದ ಕೂಗಿದಳು:
'ಬೇಡ ಮಾರಾಯ್ತಿ, ಕೈಯಲ್ಲಿ ತೊಳಿ,
ಗಾಜು ಮಂಕಾಗುತ್ತೆ.'