ಗೋಡೆಗೊಂದು ಪಟ

ಲೇಗೋಸಿನ ಒಶೋಡಿಯಲ್ಲಿ, ಸೇತುವೆಯ ಕೆಳಗೆ
ಏಳು ವರ್ಷದಿಂದ ನಿಂತಿದ್ದೇನೆ.
ಕ್ಯಾಮೆರಾದ ಪಟ್ಟಿ ಕತ್ತಿನ ಮೇಲೆ
ನೊಗದ ಹಾಗೆ ಗುರುತು ಬಿಟ್ಟಿದೆ.
ಹಳದಿ ವ್ಯಾನುಗಳು ನಿಲ್ಲುವುದಿಲ್ಲ, ಒಂದಿಷ್ಟು ನಿಧಾನಿಸುತ್ತವೆ.
ಬಾಗಿಲಿಗೆ ಜೋತ ಹುಡುಗ ಊರ ಹೆಸರುಗಳನ್ನು
ಹುರಿಗಡಲೆಯಂತೆ ಎರಚುತ್ತಾನೆ:
ಯಾಬಾ, ಮುಶಿನ್, ಒಜುವೆಲೆಗ್ಬಾ.
ಬೇಕಾದವರು ಆರಿಸಿಕೊಂಡು ಓಡಿ ಹತ್ತುತ್ತಾರೆ.

ನನ್ನ ಕಸುಬಿಗೆ ಒಂದೇ ನೇಮ,
ಯಾರೂ ನನ್ನನ್ನು ನೋಡಬಾರದು.
ನೋಡಿದ ಕೂಡಲೆ ಮುಖ
ಅಂಗಿಯ ಗುಂಡಿ ಹಾಕಿಕೊಳ್ಳುತ್ತದೆ.
ಹಾಗಾಗಿ ನನ್ನಲ್ಲಿರುವವರೆಲ್ಲ ಬೇರೆಲ್ಲೋ ನೋಡುವವರು:
ಚಿಲ್ಲರೆಗಾಗಿ ಬೈದಾಡುವವರು,
ಜನರೇಟರಿನ ಹೊಗೆಯಲ್ಲಿ ಕೂದಲು ಹೆಣೆಯುವವಳು,
ತಲೆಯ ಮೇಲೆ ಹಲಗೆ ತುಂಬ ಬ್ರೆಡ್ಡು ಹೊತ್ತು
ಕೈಬಿಟ್ಟು ನಡೆಯುವ ಇಯಾ ಅಬೊಸೆಡೆ.
ಇಯಾ ಅಂದರೆ ಅಮ್ಮ. ಆ ಅಬೊಸೆಡೆ ಯಾರೆಂದು
ನಾನು ಕೇಳಿದ್ದೇ ಇಲ್ಲ.

ದೂರದೂರಿನ ಬಿಳಿ ಗೋಡೆಗಳ ಮೇಲೆ
ಅವಳ ಕತ್ತು ಎರಡು ಸಲ ತೂಗಿದೆ.
ಗ್ಲಾಸು ಹಿಡಿದವರು ತಲೆದೂಗಿದ್ದಾರೆ.
ಅವಳಿಗೆ ಹೇಳಲಿಲ್ಲ.
ಬ್ರೆಡ್ಡು ಕೊಂಡೆ, ಚೌಕಾಸಿ ಮಾಡದೆ.

ನಿನ್ನೆ ಅವಳೇ ಬಂದಳು. ಹಲಗೆಯಿಲ್ಲ.
ನೀಲಿ ಲೇಸಿನ ಉಡುಪು, ಕೊರಳಿಗೆ ಹವಳ,
ತಲೆಗೆ ಗೋಪುರದಂತೆ ಬಿಗಿದ ರುಮಾಲು.
“ಏ ಕಳ್ಳ, ಇವತ್ತು ಎದುರಿಂದ ತೆಗಿ.
ಸತ್ತಾಗ ಗೋಡೆಗೆ ಅಂಟಿಸೋಕೆ ಬೇಕು.
ಮಕ್ಕಳಿಗೆ ಬಿಟ್ಟರೆ ವೋಟಿನ ಕಾರ್ಡಲ್ಲಿರೋ ದೆವ್ವವನ್ನೇ
ದೊಡ್ಡದು ಮಾಡಿಸಿ ಹಚ್ಚುತ್ತವೆ.”

ಎಣ್ಣೆ ಡ್ರಮ್ಮಿನ ಮೇಲೆ ಕೂರಿಸಿದೆ.
ಹಿಂದೆ ಪಂಕ್ಚರ್ ಅಂಗಡಿಯ ಗೋಡೆ.
ಆಗಲೇ ಮೂವರು ಅಲ್ಲಿ
ಹುಟ್ಟಿದ ದಿನ, ಹೋದ ದಿನದ ನಡುವೆ
ಹರಿದ ಕಾಗದದಲ್ಲಿ ನಗುತ್ತಿದ್ದರು.
ಏಳು ವರ್ಷದಲ್ಲಿ ಮೊದಲ ಸಲ
“ನನ್ನ ಕಡೆ ನೋಡಿ” ಅಂದೆ.

ನೋಡಿದಳು,
ಸಾಲ ಕೊಟ್ಟವರು ನೋಡುವ ಹಾಗೆ.
ಬೆರಳು ಗುಂಡಿಯ ಮೇಲೇ ಉಳಿಯಿತು.

ಅಷ್ಟರಲ್ಲಿ ಕರೆಂಟು ಬಂತು.
ಅಪ್ ನೆಪಾ, ಅಪ್ ನೆಪಾ ಅಂತ
ಓಣಿಯ ಮಕ್ಕಳೆಲ್ಲ ಕುಣಿದವು.
ಎಲ್ಲೋ ಫ್ಯಾನು, ಎಲ್ಲೋ ಟೀವಿ,
ಮೆಣಸು ಅರೆಯುವ ಮಿಲ್ಲು ಕೆಮ್ಮಿ ಎದ್ದಿತು.
ಇಯಾ ಅತ್ತ ತಿರುಗಿ ನಕ್ಕಳು,
ಉದುರಿದ ಹಲ್ಲಿನ ಜಾಗ ಕಾಣುವಂತೆ.
ಹಳೆಯ ಚಾಳಿ. ಒತ್ತಿಬಿಟ್ಟೆ.

ಪರದೆಯಲ್ಲಿ ತೋರಿಸಿದೆ.
ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.
“ಚೆನ್ನಾಗಿದೆ. ಇದು ನಿನಗೆ.
ಈಗ ನನ್ನದು ತೆಗಿ” ಅಂದವಳು
ರುಮಾಲು ನೇರ ಮಾಡಿಕೊಂಡು
ಬಾಯಿ ಮುಚ್ಚಿದಳು.